ನಾಲ್ಕನೇ ಮಷೀನಿನ ಎಡಮಗ್ಗುಲು

ತಾನೇ ಬರೆದ ಒಂದು ವಾಕ್ಯ ಕೆಂಪು ಗೆರೆ ಎಳೆಸಿಕೊಂಡು ತನ್ನ ಮೇಜಿಗೇ ವಾಪಸು ಬಂದಿರುವುದನ್ನು ಚಂದ್ರಲೇಖಾ ಬೆಳಿಗ್ಗೆಯಿಂದ ನಾಲ್ಕು ಸಲ ಓದಿದ್ದಳು. ನಾಲ್ಕು ಸಲವೂ ಅದು ನಿಜವಾಗಿಯೇ ಇತ್ತು. ಅವಳ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ. 'ಟ್ರಾಲಿ ಎಡಕ್ಕೆ ಸರಿದಿರುವುದಕ್ಕೆ ಬಲಗಡೆ ಕಂಬದ ಮೇಲಿರುವ ದೇವರ ಪಟ ಕಾರಣ, ಪಟವನ್ನು ಅಲ್ಲಿ ಹಾಕಿದವರು ಭೈರೇಶ್ ಅವರೇ.' ಮೂರು ವಾರದ ಹಿಂದೆ ಇಂಗ್ಲಿಷಿನಲ್ಲಿ ನಾಲ್ಕು ಪುಟ ಟೈಪು ಮಾಡಿ ಕಳಿಸಿದ್ದಳು. ಬೆನ್ನಿನ ಮೂಳೆ, ನರ, ಬಾಗುವ ಕೋನ, ತಿರುಗುವ ಕೋನ, ಎಲ್ಲ ಇತ್ತು. ಅಷ್ಟರಲ್ಲಿ ಕಾರ್ಖಾನೆಯವರ ಕಣ್ಣಿಗೆ ಬಿದ್ದದ್ದು ಇದೊಂದು ಸಾಲು. ಅದರ ಜೊತೆಗೆ ಪರ್ಸನೆಲ್ ಮ್ಯಾನೇಜರ್ ರಾಮಮೂರ್ತಿಯವರು ಸಹಿ ಮಾಡಿದ ಪತ್ರದ ನಕಲು: ಫಿಸಿಯೋಥೆರಪಿಸ್ಟರ ವರದಿಯ ಪ್ರಕಾರವೇ ಬೆನ್ನುನೋವಿಗೆ ಕೆಲಸಗಾರ ತಾನಾಗಿ ಮಾಡಿಕೊಂಡ ಏರ್ಪಾಡು ಕಾರಣ, ಆದ್ದರಿಂದ ಹಗುರ ಕೆಲಸ ಕೊಡುವ ಹೊಣೆ ಕಂಪನಿಯದಲ್ಲ, ಗುರುವಾರದಿಂದ ಭೈರೇಶ್ ಅದೇ ನಾಲ್ಕನೇ ಮಷೀನಿಗೆ ಬರಬೇಕು, ಆಗದಿದ್ದರೆ ಕೆಲಸ ಬಿಡಬೇಕು. ಪತ್ರದ ಕೆಳಗೆ ಅವಳು ಇವತ್ತು ಸಂಜೆ ನಾಲ್ಕರೊಳಗೆ ತುಂಬಿ ಕೊಡಬೇಕಾದ ಫಾರಂ. ಹೆಸರು, ಟಿಕೆಟ್ ನಂಬರು, ಷರಾ ಬರೆಯಲು ಒಂದು ಗೆರೆ, ಎರಡು ಚೌಕ. ಫಿಟ್, ಅನ್‌ಫಿಟ್. ಒಂದಕ್ಕೆ ಟಿಕ್ಕು ಹಾಕಿದರೆ ಅವನ ಬೆನ್ನು ಹೋಗುತ್ತದೆ, ಇನ್ನೊಂದಕ್ಕೆ ಹಾಕಿದರೆ ಅವನ ಕೆಲಸ ಹೋಗುತ್ತದೆ. ಫೋನು ಮಾಡಿ, ನಾನು ಬರೆದದ್ದು ಅದಕ್ಕಲ್ಲ ಸಾರ್, ಟ್ರಾಲಿ ಸರಿಸಲಿ ಎಂದು, ಅಂದಳು. ರಾಮಮೂರ್ತಿಯವರದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. "ನೀವು ಬರೆದಿದ್ದನ್ನೇ ನಾವು ಬರೆದಿದ್ದೀವಿ ಮೇಡಂ," ಎಂದರು. "ಒಂದಕ್ಷರ ಸೇರಿಸಿಲ್ಲ."

ಒಂದಕ್ಷರ ಸೇರಿಸಿಲ್ಲ ಎನ್ನುವುದೂ ನಿಜವೇ. ಚಂದ್ರಲೇಖಾ ಫೋನು ಕೆಳಗಿಟ್ಟು ತನ್ನ ಕೋಣೆಯನ್ನು ನೋಡಿದಳು. ಇದು ಮೊದಲು ಯೂನಿಫಾರಂ ಇಡುವ ಸ್ಟೋರಾಗಿತ್ತಂತೆ. ಕ್ಯಾಂಟೀನಿನ ಗೋಡೆಗೆ ಅಂಟಿಕೊಂಡಿದ್ದರಿಂದ ಹನ್ನೊಂದು ಗಂಟೆಗೆ ಸಾಂಬಾರಿನ ಒಗ್ಗರಣೆ ನೇರವಾಗಿ ರೋಗಿಗಳ ಮೂಗಿಗೆ ಬರುತ್ತಿತ್ತು. ವಾರಕ್ಕೆ ಮೂರು ದಿನ ಆಲಸನತ್ತಂನ ಮನೆಯಿಂದ ಸ್ಕೂಟಿಯಲ್ಲಿ ಬಂದು, ಗೇಟಿನಲ್ಲಿ ಪ್ರತಿ ಸಲವೂ ಹೊಸಬಳ ಹಾಗೆ 'ವಿಸಿಟರ್' ಎಂಬ ಬಿಲ್ಲೆ ಕತ್ತಿಗೆ ಹಾಕಿಸಿಕೊಂಡು ಒಳಗೆ ಬರಬೇಕು. ಎರಡು ವರ್ಷವಾದರೂ ಅವಳು ವಿಸಿಟರೇ, ಏಕೆಂದರೆ ಅವಳನ್ನು ಕಳಿಸುವುದು ಏಜೆನ್ಸಿ. ಸೆಕ್ಯೂರಿಟಿಯವರು ಅವಳನ್ನು ಮಸಾಜ್ ಮೇಡಂ ಅನ್ನುತ್ತಾರೆ. ಮುಖದೆದುರಿಗಲ್ಲ, ಆದರೆ ಕೇಳುವಷ್ಟು ಹತ್ತಿರದಿಂದ. ಮೊದಮೊದಲು ಹುಡುಗರು ಶರ್ಟು ಮೇಲೆತ್ತಲು ನಾಚಿ, ಆಮೇಲೆ ನಗುತ್ತ, ಆಮೇಲೆ ನೋವು ಜಾಸ್ತಿಯಾದಾಗ ನಗುವುದನ್ನೂ ನಾಚುವುದನ್ನೂ ಬಿಟ್ಟು ಬರುತ್ತಿದ್ದರು. ರಾಮಮೂರ್ತಿಯವರೂ ಪ್ರತಿ ಶುಕ್ರವಾರ ಮೂರು ಗಂಟೆಗೆ ಬಂದು ಇದೇ ಮಂಚದ ಮೇಲೆ ಬೋರಲು ಮಲಗುತ್ತಾರೆ. ಕಂಪ್ಯೂಟರು ನೋಡಿ ನೋಡಿ ಅವರ ಕತ್ತಿನ ಬಲಗಡೆ ಒಂದು ಗಂಟು. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಕರಗಿಸುವಾಗ ಅವರು ಗೊರಕೆ ಹೊಡೆಯುತ್ತಾರೆ. ಅವರ ಕುರ್ಚಿ ಬದಲಾಯಿಸಿ ಎಂದು ಅವಳು ಹೋದ ವರ್ಷ ಒಂದು ಚೀಟಿ ಬರೆದುಕೊಟ್ಟಿದ್ದಳು. ಮಾರನೇ ದಿನವೇ ಹೊಸ ಕುರ್ಚಿ ಬಂತು. ಕುರ್ಚಿಗೆ ಒಂದು ದಿನ ಸಾಕಾದರೆ ಟ್ರಾಲಿಗೆ ಮೂರು ವಾರ ಯಾಕೆ ಸಾಲದು ಎಂದು ಈಗ ಅವಳಿಗೆ ಹೊಳೆಯಿತು, ಮತ್ತು ಹೊಳೆದ ಕೂಡಲೇ ಕಿವಿ ಬಿಸಿಯಾಯಿತು.

ಅಷ್ಟಕ್ಕೂ ಮಷೀನನ್ನು ನೋಡುತ್ತೇನೆಂದು ಹಟ ಹಿಡಿದವಳು ಅವಳೇ. ಜನವರಿಯಲ್ಲಿ ಒಂದು ಬೆಳಿಗ್ಗೆ ಟ್ರಾಲಿಗೆ ಹಾಕಲೆಂದು ಬ್ರೇಕ್ ಡ್ರಮ್ಮಿನ ಹದಿನಾಲ್ಕು ಕಿಲೋ ಕಬ್ಬಿಣದ ಬಿಲ್ಲೆ ಎತ್ತಿದ ಭೈರೇಶ್ ಹಾಗೇ ಬಗ್ಗಿಕೊಂಡೇ ಉಳಿದುಬಿಟ್ಟಿದ್ದ. ನಾಲ್ಕು ಜನ ಬಾಗಿಲಿನ ಹಲಗೆಯ ಮೇಲೆ ಹಾಕಿಕೊಂಡು ಆಂಬುಲೆನ್ಸಿಗೆ ಹೊತ್ತಿದ್ದರು. ಆಪರೇಷನ್ ಬೇಡ, ವ್ಯಾಯಾಮದಲ್ಲೇ ಸರಿಹೋಗುತ್ತದೆ ಎಂದು ಡಾಕ್ಟರು ಅವಳ ಹತ್ತಿರ ಕಳಿಸಿದರು. ಮೂರು ತಿಂಗಳು ಆ ಮನುಷ್ಯ ಹೇಳಿದ್ದನ್ನೆಲ್ಲ ಮಾಡಿದ. ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ ಎಂದರೆ ಇಪ್ಪತ್ತು ಎಣಿಸುತ್ತಿದ್ದ. ನೆಲದಿಂದ ಹದಿನಾಲ್ಕು ಕಿಲೋ ಎತ್ತಿ ಎದೆಗೆ ತರುವುದರಲ್ಲಿ ಅವನಿಗೆ ಒಂದು ಚೂರೂ ನೋವಿಲ್ಲ. ಆದರೂ ಏನೋ ತಪ್ಪುತ್ತಿತ್ತು. ಅವಳ ಅಪ್ಪ ಚಿಕ್ಕಮುನಿಯಪ್ಪ ಡೆಂಕಣಿಕೋಟೆಯ ಹತ್ತಿರದ ತಮ್ಮ ರಾಗಿ ಹೊಲದಲ್ಲಿ ಆನೆ ಕಾಯುವ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಅವಳು ಎಂಟನೇ ಕ್ಲಾಸು. ಕೃಷ್ಣಗಿರಿ ಆಸ್ಪತ್ರೆಯಲ್ಲಿ ಅಪ್ಪನಿಗೆ ನಡಿಗೆ ಕಲಿಸಿದ ಕಪ್ಪಗಿನ ತೆಳ್ಳಗಿನ ಒಬ್ಬ ಸಾರು ಒಂದು ಭಾನುವಾರ ಬಸ್ಸು ಹತ್ತಿ ಹೊಲಕ್ಕೇ ಬಂದುಬಿಟ್ಟಿದ್ದರು. ಅಪ್ಪನ ಕಾಲು ಮುಟ್ಟಿ ಸಹ ನೋಡಲಿಲ್ಲ. ಅಟ್ಟಣೆಯ ಏಣಿಯ ಮೆಟ್ಟಿಲುಗಳ ನಡುವೆ ಗೇಣು ಹಾಕಿ ಅಳೆದು, ಇಷ್ಟು ದೂರ ಇದ್ದರೆ ನಾನೂ ಬೀಳುತ್ತೇನೆ ಎಂದು, ಕೂತು ಇನ್ನೂ ಮೂರು ಮೆಟ್ಟಿಲು ಕಟ್ಟಿಸಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಹೊಲದ ಬದುವಿನಲ್ಲಿ ನಿಂತು ಅದನ್ನು ನೋಡಿದ ದಿನವೇ ಅವಳು ಈ ಓದು ಓದಬೇಕೆಂದು ಅಂದುಕೊಂಡದ್ದು. ಭೈರೇಶ್‌ಗೆ, ನೀವು ನಿಲ್ಲುವುದು ಹೇಗೆ ತೋರಿಸಿ, ಅಂದಳು. ಅವನು ಪ್ಲಾಸ್ಟಿಕ್ ಕುರ್ಚಿಯನ್ನು ಮಷೀನು ಮಾಡಿಕೊಂಡು, ನೀರಿನ ಕ್ಯಾನು ಎತ್ತಿ, ಪಾದ ಕದಲಿಸದೆ ಸೊಂಟದಿಂದ ಮೇಲೆ ಪೂರಾ ಎಡಕ್ಕೆ ಹಿಂದಕ್ಕೆ ತಿರುಚಿ, ಗೋಡೆಯ ಹತ್ತಿರ ಇಟ್ಟ. ಬಟ್ಟೆ ಹಿಂಡುವ ಹಾಗಿತ್ತು ಅದು. ದಿನಕ್ಕೆ ಎಷ್ಟು ಸಲ ಎಂದರೆ, ಐನೂರಾದ್ರೂ ಆಯ್ತದೆ ಮೇಡಮ್ಮೋರೆ, ಎಂದ, ಏನೋ ಬಹುಮಾನ ಬಂದಿರುವವನ ಹಾಗೆ.

ಒಳಗೆ ಹೋಗಲು ಅವಳಿಗೆ ಪರವಾನಗಿ ಸಿಗುವುದಕ್ಕೇ ಹತ್ತು ದಿನ ಬೇಕಾಯಿತು. ಸೇಫ್ಟಿ ಶೂ ಇಲ್ಲದೆ ಬಿಡುವುದಿಲ್ಲವೆಂದರು, ಸ್ಟೋರಿನಲ್ಲಿ ಹೆಂಗಸರ ಅಳತೆಯ ಶೂ ಇರಲಿಲ್ಲ, ಕೊನೆಗೆ ಗಂಡಸರ ಶೂಗೆ ತಮಿಳಿನ ತಂದಿ ಪೇಪರು ತುರುಕಿ ಹಾಕಿಕೊಂಡು ದೊಪ್ ದೊಪ್ ಎಂದು ನಡೆದುಹೋದಳು. ನಾಲ್ಕನೇ ಮಷೀನಿನ ಬಲಗಡೆ, ಕೈಚಾಚಿದರೆ ಸಿಗುವಲ್ಲಿ, ಒಂದು ಟ್ರಾಲಿ ನಿಲ್ಲುವಷ್ಟು ಜಾಗ ಖಾಲಿ. ಎಡಗಡೆ ಕರೆಂಟಿನ ಪೆಟ್ಟಿಗೆ, ಅದರ ಹಿಂದೆ ನೆಲದ ಮೇಲೆ ಬಳಿದ ಹಳದಿ ಚೌಕ, ಆ ಚೌಕದೊಳಗೆ ಟ್ರಾಲಿ. ಬಲಗಡೆ ಯಾಕೆ ಖಾಲಿ ಎಂದು ತಲೆಯೆತ್ತಿದರೆ ಕಂಬದ ಮೇಲೆ ಕಬ್ಬಾಳಮ್ಮನ ಪಟ, ಒಣಗಿದ ಸೇವಂತಿಗೆ ಹಾರ, ಎಣ್ಣೆ ಹೊಗೆಗೆ ಕಪ್ಪಾದ ಚೌಕಟ್ಟು. ಭೈರೇಶ್ ಕನಕಪುರದ ಕಡೆಯವನು. ಏಳು ವರ್ಷದ ಹಿಂದೆ ಈ ಮಷೀನು ಒಬ್ಬ ಕಾಂಟ್ರ್ಯಾಕ್ಟ್ ಹುಡುಗನ ಎರಡು ಬೆರಳು ತಿಂದಿತ್ತಂತೆ. ಆಮೇಲೆ ಒಬ್ಬರೂ ಅದರ ಮುಂದೆ ನಿಲ್ಲಲು ತಯಾರಿರಲಿಲ್ಲ. ಹದಿಮೂರು ದಿನ ಮಷೀನು ಸುಮ್ಮನೆ ನಿಂತಿತ್ತು. ಆಯುಧಪೂಜೆಯ ದಿನ ಭೈರೇಶ್ ಊರಿನಿಂದ ಪಟ ತಂದು ಕಂಬಕ್ಕೆ ಹೊಡೆದು, ಅಮ್ಮ ಅವ್ಳೆ, ನಾನ್ ನಿಂತ್ಕೋತೀನಿ, ಎಂದು ಮೊದಲು ತಾನೇ ನಿಂತ. ಆಗಿನ ಮ್ಯಾನೇಜರು ಸ್ವತಃ ತೆಂಗಿನಕಾಯಿ ಒಡೆದು ಅವನ ಬೆನ್ನು ತಟ್ಟಿದರಂತೆ. ಅಮ್ಮನ ಕಾಲಡಿ ಎಣ್ಣೆ ಟ್ರಾಲಿ ನಿಲ್ಲಿಸುವುದು, ಅದರ ಮೇಲೆ ಬೆವರಿನ ಟವೆಲು ಹಾಕುವುದು, ಶೂಗಾಲು ಇಡುವುದು ಸರಿಯಲ್ಲವೆಂದು ಟ್ರಾಲಿ ಎಡಕ್ಕೆ ಹೋಯಿತು. ಮುಂದಿನ ತಿಂಗಳು ಕಂಪನಿಯವರೇ ಪೇಂಟರನ್ನು ಕರೆಸಿ, ಎಲ್ಲೆಲ್ಲಿ ಏನೇನಿದೆಯೋ ಅದರದರ ಸುತ್ತ ಹಳದಿ ಗೆರೆ ಎಳೆಸಿದರು. ತಾತ್ಕಾಲಿಕವಾಗಿದ್ದದ್ದು ಶಾಶ್ವತವಾದದ್ದು ಹಾಗೆ. ಇದೆಲ್ಲವನ್ನೂ ಭೈರೇಶ್ ಅವಳಿಗೆ ಅಲ್ಲೇ ನಿಂತು ಹೇಳಿದ್ದ, ತೆಂಗಿನಕಾಯಿಯನ್ನೂ ಪೇಂಟರನ್ನೂ ಬಿಡದೆ. ಅವಳು ಮಾತ್ರ ವರದಿ ಉದ್ದವಾಗುತ್ತದೆಂದು ತೆಂಗಿನಕಾಯಿ ಬಿಟ್ಟಳು, ಪೇಂಟರನ್ನು ಬಿಟ್ಟಳು. ಪಟ ಹಾಕಿದವನ ಹೆಸರೊಂದನ್ನು ಉಳಿಸಿಕೊಂಡಳು. ಎಷ್ಟು ಚೆನ್ನಾಗಿ ಕಂಡುಹಿಡಿದೆ ಎಂಬ ಹೆಮ್ಮೆಯಲ್ಲಿ ಬರೆದ ಸಾಲು ಅದು. ಆ ಹೆಮ್ಮೆ ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು. ಕೃಷ್ಣಗಿರಿಯ ಆ ಸಾರು ಅಪ್ಪನ ಏಣಿ ಕಟ್ಟಿದವರು ಯಾರೆಂದು ಕೇಳಿರಲಿಲ್ಲ. ಕಟ್ಟಿದವನು ಅಪ್ಪನೇ.

ಹನ್ನೊಂದು ಗಂಟೆಗೆ ಸರಿಯಾಗಿ, ಒಗ್ಗರಣೆಯ ಜೊತೆಗೇ, ಭೈರೇಶ್ ಬಂದ. ನಲವತ್ತೊಂದು ವರ್ಷ, ಅಗಲ ಭುಜ, ಎಣ್ಣೆ ಹಾಕಿ ಬಾಚಿದ ತಲೆ. ಪರೀಕ್ಷೆಯ ದಿನವೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ಪತ್ರ ಇನ್ನೂ ಅವನ ಕೈಗೆ ಸಿಕ್ಕಿರಲಿಲ್ಲ. ಅವಳು ಮೊದಲು ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಹೇಡಿಯ ಹಾಗೆ ಟೇಪು ತೆಗೆದು, ಬಗ್ಗಿ, ಎತ್ತಿ, ಅಂದಳು. ನೀರಿನ ಕ್ಯಾನನ್ನು ಇಪ್ಪತ್ತು ಸಲ ಎತ್ತಿದ, ಉಸಿರು ಸಹ ಏರಲಿಲ್ಲ. ಪಾಸಾ ಮೇಡಮ್ಮೋರೆ, ಎಂದು ನಕ್ಕ. ಈಗ ಮಷೀನಿನ ಹತ್ತಿರ ತಿರುಗುವ ಹಾಗೆ ಎಡಕ್ಕೆ ತಿರುಗಿ ಇಡಿ, ಎಂದಳು. ಮೊದಲ ಮೂರು ಸಲ ಸರಿಯಾಗಿತ್ತು. ನಾಲ್ಕನೆಯದಕ್ಕೆ ಅವನು ಮಾತು ನಿಲ್ಲಿಸಿದ. ಏಳನೆಯದಕ್ಕೆ ಅವನ ಎಡಗಾಲಿನ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಮೇಲೆದ್ದಿತು. ಮುಖದಲ್ಲಿ ನಗು ಹಾಗೇ ಇತ್ತು. ಆ ನಗುವನ್ನು ಅವನು ಮೂರು ತಿಂಗಳಿಂದ ಇದೇ ದಿನಕ್ಕಾಗಿ ಕೂಡಿಟ್ಟುಕೊಂಡಿದ್ದ ಹಾಗೆ ಕಾಣುತ್ತಿತ್ತು. ಹಿಮ್ಮಡಿಗೆ ನಗಲು ಬರುವುದಿಲ್ಲ. ನೋಯುತ್ತಿದೆಯಾ ಎಂದಳು. ಇಲ್ಲ ಎಂದ. ಇಲ್ಲವೆಂದು ಬರೆದರೆ ಅವನಿಗೆ ಕೆಲಸ, ಅವನ ಹೆಂಡತಿ ಸಾಕಮ್ಮನಿಗೆ ನೆಮ್ಮದಿ, ರಾಮಮೂರ್ತಿಯವರಿಗೆ ನಾಲ್ಕು ಗಂಟೆಗೆ ಫಾರಂ. ಈ ಸುಳ್ಳಿಗೆ ಇಷ್ಟೊಂದು ಜನ ಗಿರಾಕಿಗಳು. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಅವನು ಎತ್ತಿದ ಬಿಲ್ಲೆಯ ಜೊತೆ ಬಗ್ಗಿಕೊಂಡೇ ಉಳಿದರೆ, ಆವತ್ತು ಮೇಡಂ ಫಿಟ್ ಅಂದಿದ್ರಲ್ಲ, ಎನ್ನುವ ಕಾಗದ ಕಂಪನಿಯ ಕಡತದಲ್ಲಿ ಬೆಚ್ಚಗೆ ಕೂತಿರುತ್ತದೆ.

ಕ್ಯಾನು ಕೆಳಗಿಡಿಸಿ, ಕೂರಿಸಿ, ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಳು. ತನ್ನ ಸಾಲನ್ನೂ ಓದಿದಳು, ಅದು ತನ್ನದೆಂದೂ ಹೇಳಿದಳು. ಅವನು ಬಯ್ಯಲಿ ಎಂದು ಒಳಗೊಳಗೆ ಕಾಯುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅಂಗೈಯನ್ನು ತೊಡೆಗೆ ಉಜ್ಜಿಕೊಂಡ. ಆಮೇಲೆ, "ನಾನೇ ಇಕ್ಕಿದ್ದು ತಾನೆ ಮೇಡಮ್ಮೋರೆ," ಎಂದ. "ನೀವೇನ್ ಸುಳ್ ಬರ್ದಿಲ್ವಲ್ಲ." ಅವಳಿಗೆ ರೇಗಿಹೋಯಿತು, ಅವನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ, ಎಮ್ಮೆಯೋ, ಹೌದು ನನ್ನದೇ ತಪ್ಪು ಎಂದು ಬೆನ್ನು ಕೊಟ್ಟು ನಿಲ್ಲುತ್ತದೆ. ಆ ಮಷೀನು ಹದಿಮೂರು ದಿನ ನಿಂತಾಗ ಓಡಿಸಿಕೊಟ್ಟವನು ನೀನು, ಬೆರಳು ಹೋಗದ ಹಾಗೆ ಅದಕ್ಕೊಂದು ಜಾಲರಿ ಹಾಕಿಸಲಿಲ್ಲ ಅವರು, ನಿನ್ನ ಅಮ್ಮನನ್ನೇ ಜಾಲರಿ ಮಾಡಿಕೊಂಡರು, ಈಗ ಅವಳ ಹೆಸರು ಹೇಳಿ ನಿನ್ನನ್ನೇ ಹೊರಗೆ ಹಾಕುತ್ತಿದ್ದಾರೆ ಎಂದೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಧ್ವನಿ ಕ್ಯಾಂಟೀನಿಗೆ ಕೇಳುತ್ತಿದೆ ಎಂದು ಗೊತ್ತಾಗಿ ನಿಲ್ಲಿಸಿದಳು. ಪಟ ಇಲ್ಲದಿದ್ದರೆ ಟ್ರಾಲಿ ಬಲಕ್ಕೆ ಬರುತ್ತದೆ ತಾನೆ, ಎಂದು ಭೈರೇಶ್ ಕೇಳಿದ. ಬರಬೇಕು ಎಂದಳು. ಬಂದರೆ ಬೆನ್ನು ತಿರುಚುವುದಿಲ್ಲ ತಾನೆ ಎಂದ. ಇಲ್ಲ ಎಂದಳು.

"ಹಂಗಾದ್ರೆ ಅಮ್ಮನ್ನ ಕರ್ಕಂಡ್ ಬಂದೋನು ನಾನೇ, ಕರ್ಕಂಡ್ ಹೋಗೋನೂ ನಾನೇ. ಮನೀಗೋಗಿ ತಲೆಗೆ ನೀರ್ ಹಾಕ್ಕಂಡ್ ಬತ್ತೀನಿ. ಎಲ್ಡ್ ಗಂಟೆಗೆ ಶಿಫ್ಟ್ ಬದ್ಲಾಯ್ತದಲ್ಲ, ನೀವೂ ಬನ್ನಿ."

ಅವನು ಹೋದ ಮೇಲೆ ಇಬ್ಬರು ರೋಗಿಗಳು ಬಂದರು, ಒಂದು ಮೊಣಕಾಲು, ಒಂದು ಮಣಿಕಟ್ಟು. ಅವಳ ಕೈ ಕೆಲಸ ಮಾಡುತ್ತಿತ್ತು, ಬಾಯಿ ಎಣಿಸುತ್ತಿತ್ತು. ಏಳು ವರ್ಷ ಪೂಜೆ ಮಾಡಿದ್ದನ್ನು ತನ್ನ ಕೈಯಾರೆ ಇಳಿಸುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹಳೆಯ ದೀಪಾಳೆ ಕಂಬವನ್ನು ಜಾಗ ಬದಲಾಯಿಸಲು ಅವಳ ಅಮ್ಮ ನಾರಾಯಣಮ್ಮ ಒಂದು ಹೊತ್ತು ಉಪವಾಸವಿದ್ದಳು. ಇಲ್ಲಿ ಇವನು ತನ್ನ ದೇವರನ್ನು ಇಳಿಸಬೇಕಾಗಿ ಬಂದದ್ದು ಅವಳ ಒಂದು ವಾಕ್ಯದಿಂದ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ, ಏಕೆಂದರೆ ಬೇರೆ ದಾರಿ ಕಾಣಲಿಲ್ಲ. ಮತ್ತು ಒಳಗೆಲ್ಲೋ, ಇದರಿಂದ ನನ್ನ ತಪ್ಪು ತೊಳೆದುಹೋಗುತ್ತದೆ ಎಂಬ ಸಣ್ಣ ಆಸೆಯೂ ಇತ್ತು. ಅವನ ಸ್ನಾನದಿಂದ ನನ್ನ ತಪ್ಪು ತೊಳೆಯುವುದೇ ಎಂದು ಅವಳಿಗೇ ಅಸಹ್ಯವಾಯಿತು. ಮಣಿಕಟ್ಟಿನವನು, ಮೇಡಂ ನೋವು, ಎಂದ. ಅವಳು ಕೈ ಸಡಿಲಿಸಿದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ಪೇಪರು ತುರುಕಿದ ಶೂ ಹಾಕಿಕೊಂಡು ಒಳಗೆ ಹೋದಳು. ಫಾರಂ ಮಡಿಚಿ ಕೋಟಿನ ಜೇಬಿನಲ್ಲಿತ್ತು. ಮೊದಲ ಶಿಫ್ಟಿನವರು ಕೈ ಒರೆಸಿಕೊಳ್ಳುತ್ತಿದ್ದರು, ಎರಡನೆಯವರು ಬರುತ್ತಿದ್ದರು, ಮಷೀನುಗಳು ಒಂದೊಂದಾಗಿ ನಿಂತು ಆ ದೊಡ್ಡ ಶೆಡ್ಡಿನಲ್ಲಿ ಮನುಷ್ಯರ ಮಾತು ಕೇಳಿಸುವ ಹಾಗಾಗಿತ್ತು. ಭೈರೇಶ್ ಒದ್ದೆ ತಲೆಯಲ್ಲಿ ಬಂದ. ಹಣೆಗೆ ಕುಂಕುಮ, ಕೈಯಲ್ಲಿ ಮಡಿಚಿದ ಹೊಸ ಹಳದಿ ಬಟ್ಟೆ, ಒಂದು ನಿಂಬೆಹಣ್ಣು. ಮೂಕಂಡಪಲ್ಲಿಯ ಮನೆಯಿಂದ ನಡೆದೇ ಬಂದಿದ್ದ, ಚಪ್ಪಲಿಯಿಲ್ಲದೆ. ಗೇಟಿನಲ್ಲಿ ಅದಕ್ಕೂ ತಕರಾರಾಗಿ, ಕೊನೆಗೆ ಲೈನಿನ ಸೂಪರ್‌ವೈಸರ್ ಸುರೇಂದ್ರ ಹೋಗಿ ಬಿಡಿಸಿಕೊಂಡು ಬಂದನಂತೆ. ಸುರೇಂದ್ರ ಈ ಊರಿನವನೇ, ಹಿಂದೆ ಅದೇ ಮಷೀನಿನಲ್ಲಿ ನಿಂತವನು. ಈಗಲೂ ಕೂತರೆ ಏಳುವಾಗ ತೊಡೆಗೆ ಕೈ ಊರುತ್ತಾನೆ, ಕೇಳಿದರೆ ವಯಸ್ಸಾಯಿತು ಎನ್ನುತ್ತಾನೆ. ಅವನು ಒಂದು ಸ್ಟೂಲು ತಂದಿಟ್ಟ. ಪಟ ತಲೆಗಿಂತ ಮೇಲಿತ್ತು. ಬೆನ್ನು ಸರಿಯಿಲ್ಲದವನು ಸ್ಟೂಲು ಹತ್ತಬಾರದು, ಬೇರೆ ಯಾರಾದರೂ ತೆಗೆಯಿರಿ ಎಂದು ಚಂದ್ರಲೇಖಾ ಸುತ್ತ ನೋಡಿದಳು. ಇಪ್ಪತ್ತು ಜನರಿದ್ದರು. ಒಬ್ಬ ಮಧ್ಯಾಹ್ನ ಮೊಟ್ಟೆ ತಿಂದಿದ್ದ, ಒಬ್ಬನ ಮನೆಯಲ್ಲಿ ಸೂತಕ, ಉಳಿದವರಿಗೆ ಬರೀ ಭಯ. ಎಲ್ಲರನ್ನೂ ಏಳು ವರ್ಷ ಕಾಯ್ದವಳನ್ನು ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ಭೈರೇಶ್ ಹತ್ತಿದ. ಅವಳು ಅವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು, ಯಾರೂ ನಗಲಿಲ್ಲ. ಮೊಳೆಯಿಂದ ಪಟ ಬಿಡಿಸುವಾಗ ಅವನ ಬೆನ್ನಿನ ಮಾಂಸ ಬಿಗಿದು ನಡುಗುವುದು ಅವಳ ಅಂಗೈಗೆ ತಿಳಿಯುತ್ತಿತ್ತು. "ತಪ್ಪಾಯ್ತು ತಾಯಿ, ಬೇರೆ ಕಡೆ ಇಕ್ಕೋತೀನಿ," ಎಂದು ಅವನು ಹೇಳಿದ್ದು ಅವಳೊಬ್ಬಳಿಗೇ ಕೇಳಿಸಿತು. ಪಟ ಇಳಿದ ಜಾಗದಲ್ಲಿ ಕಂಬದ ಬಣ್ಣ ಏಳು ವರ್ಷದ ಹಿಂದಿನ ಹಾಗೇ ತಿಳಿ ನೀಲಿಯಾಗಿತ್ತು.

ಸುರೇಂದ್ರನೇ ಟ್ರಾಲಿಯನ್ನು ತಳ್ಳಿಕೊಂಡು ಬಂದು ಆ ನೀಲಿಯ ಕೆಳಗೆ ನಿಲ್ಲಿಸಿದ. ಎರಡನೇ ಶಿಫ್ಟಿನಲ್ಲಿ ಈಗ ಆ ಮಷೀನಿಗೆ ನಿಲ್ಲುವವನು ನರಸಿಂಹಪ್ಪ, ಮೂವತ್ತೈದರ ಗಟ್ಟಿ ಆಸಾಮಿ. ಎಲ್ಲಿ ಒಂದ್ ಪೀಸ್ ಇಕ್ಕು ನೋಡನ, ಎಂದು ಭೈರೇಶ್ ಅವನಿಗೆ ಹೇಳಿ, ಅವನು ಇಡುವ ಮೊದಲೇ ತಡೆಯಲಾರದೆ ತಾನೇ ಒಂದು ಎತ್ತಿ, ಒಂದೇ ಹೆಜ್ಜೆ ಬಲಕ್ಕೆ ಇಟ್ಟು, ಟ್ರಾಲಿಗೆ ಹಾಕಿದ. ತಿರುಚಲಿಲ್ಲ. ಹಿಮ್ಮಡಿ ನೆಲದಲ್ಲೇ ಇತ್ತು. ಮತ್ತೊಂದು, ಮತ್ತೊಂದು. ಅವನು ಅವಳ ಕಡೆ ತಿರುಗಿ ನೋಡಿದ ನೋಟದಲ್ಲಿ, ಆಟದಲ್ಲಿ ಗೆದ್ದ ಹುಡುಗನ ಹಿಗ್ಗಿತ್ತು. ಏಣಿಗೆ ಮೂರು ಮೆಟ್ಟಿಲು ಕಟ್ಟಿಸಿ ಮಜ್ಜಿಗೆ ಕುಡಿಯುವ ಸುಖ ಇಷ್ಟೇ ಇರಬೇಕು ಎಂದುಕೊಂಡಳು. ಆಗ ರಾಮಮೂರ್ತಿಯವರು ಬಂದರು. ಅವರು ಕೂಗಾಡುವ ಪೈಕಿಯಲ್ಲ. ಖಾಲಿ ಕಂಬವನ್ನು ನೋಡಿ, ನಲ್ಲದು ಎಂದು ತಮಿಳಿನಲ್ಲಿ ಅಂದು, ಒಳ್ಳೆಯದೇ ಆಯಿತು, ಅದೂ ಆಡಿಟ್‌ನಲ್ಲಿ ಒಂದು ತಕರಾರಿತ್ತು ಎಂದರು. ಆಮೇಲೆ ಎಡಗಡೆಯ ಖಾಲಿ ಹಳದಿ ಚೌಕವನ್ನು ಬೆರಳಿನಿಂದ ತೋರಿಸಿ, ಟ್ರಾಲಿ ಯಾಕೆ ಗೆರೆಯ ಹೊರಗಿದೆ ಎಂದು ಸುರೇಂದ್ರನನ್ನು ಕೇಳಿದರು. ಚಂದ್ರಲೇಖಾ ಮುಂದೆ ಬಂದು ಎಲ್ಲ ವಿವರಿಸಿದಳು. ಅವರು ತಾಳ್ಮೆಯಿಂದ ಕೇಳಿದರು. ಗೆರೆ ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲ, ಲೇಔಟು ಚೆನ್ನೈನಲ್ಲಿ ಪಾಸಾಗಬೇಕು, ಅರ್ಜಿ ಹಾಕಿದರೆ ಐದಾರು ತಿಂಗಳು, ಗುರುವಾರ ಆಡಿಟ್ ಇರುವಾಗ ಟ್ರಾಲಿ ಗೆರೆಯ ಹೊರಗೆ ಕಂಡರೆ ಎಲ್ಲರಿಗೂ ತೊಂದರೆ, ಎಂದರು. "ನಿಮ್ಮ ಫಾರಂ ನಾಲ್ಕು ಗಂಟೆಗೆ ಅಲ್ಲವಾ ಮೇಡಂ," ಎಂದೂ ನೆನಪಿಸಿದರು.

ಸುರೇಂದ್ರ ಅವಳನ್ನೂ ಭೈರೇಶ್‌ನನ್ನೂ ನೋಡದೆ ಟ್ರಾಲಿಯನ್ನು ವಾಪಸು ಚೌಕದೊಳಗೆ ತಳ್ಳಿದ. ಅಷ್ಟೇ. ಅಮ್ಮನನ್ನು ಇಳಿಸಲು ಒಬ್ಬ ಮನುಷ್ಯ ತಲೆಗೆ ನೀರು ಹಾಕಿಕೊಂಡು, ಬರಿಗಾಲಲ್ಲಿ ನಡೆದು, ಕ್ಷಮೆ ಕೇಳಿದ. ಕಬ್ಬಾಳಮ್ಮ ಜರುಗಿದಳು. ಜರುಗದೆ ಉಳಿದದ್ದು ಒಂದು ಡಬ್ಬಿ ಪೇಂಟು. ಏಳು ವರ್ಷ ಈ ಶೆಡ್ಡಿನಲ್ಲಿ ನಿಜವಾದ ದೇವರು ಯಾವುದಾಗಿತ್ತು ಎಂದು ಅವಳಿಗೆ ಈಗ ತಿಳಿಯಿತು. ಈ ಮನುಷ್ಯನ ಕತ್ತಿನ ಗಂಟನ್ನು ಪ್ರತಿ ಶುಕ್ರವಾರ ಕರಗಿಸುವುದು ನಾನು, ಎಂದುಕೊಂಡಳು. ಎಂಥ ಬಡಪಾಯಿ ಸೇಡಿನ ಯೋಚನೆ ಎಂದು ನಾಚಿಕೆಯೂ ಆಯಿತು. ಸೈರನ್ ಆಯಿತು, ಮಷೀನುಗಳು ಶುರುವಾದವು. ನರಸಿಂಹಪ್ಪ ಬಿಲ್ಲೆ ತೆಗೆದು ಎಡಕ್ಕೆ ಹಿಂದಕ್ಕೆ ತಿರುಚಿ ಟ್ರಾಲಿಗೆ ಹಾಕಿದ. ಒಂದು. ರಾಮಮೂರ್ತಿಯವರು ಸುರೇಂದ್ರನಿಗೆ ಆಡಿಟ್‌ನ ಬೇರೆ ಬೇರೆ ವಿಷಯ ಹೇಳುತ್ತ ಅಲ್ಲೇ ನಿಂತಿದ್ದರು. ಎರಡು. ಮೂರು. ಮೂರನೆಯದಕ್ಕೇ ನರಸಿಂಹಪ್ಪನ ಎಡ ಶೂವಿನ ಹಿಮ್ಮಡಿ ಮೆಲ್ಲಗೆ ಮೇಲೆದ್ದು ಕೂತಿತು. ಅವನಿಗೇ ಅದು ಗೊತ್ತಿರಲಿಲ್ಲ. ಅವಳು ಭೈರೇಶ್‌ನ ಮುಖ ನೋಡಿದಳು. ಅವನೂ ಅದೇ ಹಿಮ್ಮಡಿಯನ್ನು ನೋಡುತ್ತಿದ್ದ. ಬೆಳಿಗ್ಗೆಯಿಂದ ತನ್ನ ಬೆನ್ನಿನ ಮಾತಿಗೆ ಬಾರದಿದ್ದ ಸಿಟ್ಟು ಆಗ ಅವನ ಮುಖಕ್ಕೆ ಬಂತು.

ಹಳದಿ ಬಟ್ಟೆ ಸುತ್ತಿದ ಪಟವನ್ನು ಅವನು ಏನೂ ಹೇಳದೆ ಅವಳ ಕೈಗಿಟ್ಟ. ಎಡಗಡೆ ಹೋಗಿ, ಅವಳು ಮೂರು ತಿಂಗಳು ಹೇಳಿಕೊಟ್ಟ ಹಾಗೇ ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಭಾರವನ್ನೆಲ್ಲ ತೊಡೆಗೆ ತೆಗೆದುಕೊಂಡು ಟ್ರಾಲಿಯನ್ನು ತಳ್ಳಿ, ಬಲಗಡೆ ನೀಲಿಯ ಕೆಳಗೆ ತಂದು ನಿಲ್ಲಿಸಿ, ಅದಕ್ಕೆ ಒರಗಿ ನಿಂತ. ಅಷ್ಟರಲ್ಲಿ ನರಸಿಂಹಪ್ಪ ನಾಲ್ಕನೇ ಬಿಲ್ಲೆ ಎತ್ತಿಕೊಂಡು ಎಡಕ್ಕೆ ತಿರುಗಿದ್ದ. ಅಲ್ಲಿ ಬರೀ ಚೌಕವಿತ್ತು. ಬಲಕ್ಕೆ ತಿರುಗಿದ, ಅಲ್ಲಿ ಟ್ರಾಲಿ, ಟ್ರಾಲಿಯ ಹಿಂದೆ ಭೈರೇಶ್, ಪಕ್ಕದಲ್ಲಿ ಮ್ಯಾನೇಜರು. ಅವನು ಬಿಲ್ಲೆಯನ್ನು ಹೊಟ್ಟೆಗೆ ಆನಿಸಿಕೊಂಡು ಅಲ್ಲೇ ನಿಂತುಬಿಟ್ಟ.

"ಎಲ್ಲಿ ಇಕ್ಕಲಿ ಸಾರ್," ಎಂದು ಕೇಳಿದ.

ರಾಮಮೂರ್ತಿಯವರು ಸುರೇಂದ್ರನ ಕಡೆ ನೋಡಿದರು. ಸುರೇಂದ್ರ ತೊಡೆಗೆ ಕೈ ಊರಿಕೊಂಡು ನೆಲ ನೋಡುತ್ತಿದ್ದ, ಈ ಸಲ ಕದಲಲಿಲ್ಲ. ಪಕ್ಕದ ಮಷೀನು ನಿಂತಿತು, ಅದರ ಪಕ್ಕದ್ದೂ ನಿಂತಿತು. ಹದಿನಾಲ್ಕು ಕಿಲೋ. ಚಂದ್ರಲೇಖಾ ತನಗೆ ತಿಳಿಯದೆಯೇ, ತನ್ನ ಕೋಣೆಯಲ್ಲಿ ಎಣಿಸುವ ಹಾಗೆ, ಗಟ್ಟಿಯಾಗಿ ಎಣಿಸಲು ಶುರುಮಾಡಿದ್ದಳು. ಒಂದು, ಎರಡು, ಮೂರು. ಐದಕ್ಕೆ ನರಸಿಂಹಪ್ಪನ ತೋಳಿನ ನರ ಎದ್ದಿತು. ಏಳಕ್ಕೆ ಅವನು ಮತ್ತೆ, ಹೇಳಿ ಸಾರ್, ಎಂದ. ಒಂಬತ್ತು ಎನ್ನುವಾಗ ರಾಮಮೂರ್ತಿಯವರ ಕೈ ತಂತಾನೇ ತಮ್ಮ ಕತ್ತಿನ ಬಲಗಡೆಗೆ ಹೋಯಿತು.

"ಇವತ್ತೊಂದು ದಿನ ಬಲಕ್ಕೇ ಇಡಪ್ಪ," ಎಂದರು, ಯಾರನ್ನೂ ನೋಡದೆ.

ಬಿಲ್ಲೆ ದಡ್ ಎಂದು ಟ್ರಾಲಿಗೆ ಬಿತ್ತು. ಚಂದ್ರಲೇಖಾ ಜೇಬಿನಿಂದ ಫಾರಂ ತೆಗೆದಳು. ಬರೆಯಲು ಗಟ್ಟಿ ಜಾಗ ಬೇರೆ ಇರಲಿಲ್ಲ; ತೋಳಿನಲ್ಲಿದ್ದ ಪಟವನ್ನೂ ಭೈರೇಶ್‌ನ ಮುಖವನ್ನೂ ನೋಡಿದಳು, ಅವನು ತಲೆಯಾಡಿಸಿದ. ಬಟ್ಟೆಯ ಮೇಲೆ ಫಾರಂ ಇಟ್ಟು ಫಿಟ್ ಎಂಬ ಚೌಕಕ್ಕೆ ಟಿಕ್ಕು ಹಾಕಿ, ಷರಾ ಬರೆಯುವ ಗೆರೆಯ ಮೇಲೆ ಒಂದು ವಾಕ್ಯ ಬರೆದಳು: 'ನಾಲ್ಕನೇ ಮಷೀನಿನ ಟ್ರಾಲಿಯನ್ನು 2.25ಕ್ಕೆ ಪರ್ಸನೆಲ್ ಮ್ಯಾನೇಜರ್ ಶ್ರೀ ರಾಮಮೂರ್ತಿಯವರ ಆದೇಶದ ಮೇರೆಗೆ ಬಲಗಡೆಗೆ ಬದಲಾಯಿಸಲಾಗಿದೆ, ಟ್ರಾಲಿ ಅಲ್ಲಿರುವವರೆಗೆ ಭೈರೇಶ್ ಅವರು ಈ ಕೆಲಸಕ್ಕೆ ಫಿಟ್.' ತಾರೀಖು ಹಾಕಿ, ಸಹಿ ಮಾಡಿ, ಸಾಕ್ಷಿಗೆಂದು ಸುರೇಂದ್ರನ ಕೈಗೆ ಪೆನ್ನು ಕೊಟ್ಟಳು. ಅವನು ಒಂದು ಗಳಿಗೆ ನಿಂತು, ಹಾಕಿದ. ಇವತ್ತೊಂದು ದಿನ ಎನ್ನುವುದನ್ನು ಅವಳು ಬಿಟ್ಟಿದ್ದಳು, ಈ ಸಲ ಗೊತ್ತಿದ್ದೇ ಬಿಟ್ಟಿದ್ದಳು. ರಾಮಮೂರ್ತಿಯವರು ಕಾಗದವನ್ನು ಎರಡು ಸಲ ಓದಿದರು. ಅವರ ಮುಖ ಬೆಳಿಗ್ಗೆ ತನ್ನ ಮುಖ ಹೇಗಿದ್ದಿರಬಹುದೋ ಹಾಗೆ ಆಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ನೀವು ಹೇಳಿದ್ದನ್ನೇ ಬರೆದಿದ್ದೀನಿ ಸಾರ್," ಎಂದಳು. "ಒಂದಕ್ಷರ ಸೇರಿಸಿಲ್ಲ."